ಬಾಗಿಲ ಬಳಿಯ ತೂಕ

ಮನೆ, ಹಿಂದಿನ ಕೋಣೆ
ಶನಿವಾರ ಬೆಳಿಗ್ಗೆ, ೮ ಮಾರ್ಚ್

ಪ್ರೀತಿಯ ತಮ್ಮಾ, ಕ್ರೇನಪ್ಪಾ,

ಹೇಗಿದ್ದೀಯೋ? ಎಂಜಿನ್ ಕೋಣೆಯ ಕಾವಿಗೆ ಕತ್ತಿನ ಸುತ್ತ ಎದ್ದಿದ್ದ ಗುಳ್ಳೆಗಳು ಅಡಗಿದವೇ? ನಾನು ಬ್ಯಾಗಿಗೆ ಹಾಕಿಕೊಟ್ಟ ಮುಲಾಮನ್ನು ಹಚ್ಚುತ್ತಿದ್ದೀಯೋ, ಇಲ್ಲಾ ಹೋದ ಸಲದಂತೆ ಅದಕ್ಕೂ ಪ್ರಪಂಚ ತೋರಿಸಿ, ಮುಚ್ಚಳ ಕೂಡ ತಿರುಗಿಸದೆ ವಾಪಸು ತರುತ್ತೀಯೋ? ಹಡಗಿನ ಹೊಸ ಅಡುಗೆಯವನಿಗೆ ಉಪ್ಪಿನ ಮೇಲಿದ್ದ ಪ್ರೀತಿ ಸ್ವಲ್ಪವಾದರೂ ಇಳಿದಿರಬೇಕು ಅಂದುಕೊಂಡಿದ್ದೇನೆ. ಅಮ್ಮ ಚೆನ್ನಾಗಿದ್ದಾಳೆ. ಮಂಡಿ ನೋವು ಇದ್ದಷ್ಟೇ ಇದೆ, ಬಾಯಿ ಇದ್ದದ್ದಕ್ಕಿಂತ ಜೋರಾಗಿದೆ. ಈಗ ಮಾರುಕಟ್ಟೆಗೆ ಹೋಗಿದ್ದಾಳೆ. ಅವಳು ಬರುವಷ್ಟರಲ್ಲಿ ಇದನ್ನು ಮುಗಿಸಬೇಕು. ಕೆಳಗಿನ ಮನೆಯ ಟೈಲರಮ್ಮ ಅಂಚೆ ಕಚೇರಿಯ ಕಡೆ ಹೋಗುವವಳಿದ್ದಾಳೆ, ಹೋಗುವಾಗ ಬೆಲ್ ಒತ್ತುತ್ತೇನೆಂದಿದ್ದಾಳೆ. ಹಾಗಾಗಿ ನನ್ನ ಕನ್ನಡ ಅಕ್ಷರ ನೋಡಿ ನಗಬೇಡ. ಇದನ್ನು ಮೊದಲು ಇಂಗ್ಲಿಷಿನಲ್ಲೇ ಶುರುಮಾಡಿದೆ, ನಮ್ಮ ಶಾಲೆ ಕಲಿಸಿದ ಹಾಗೆ. ಎರಡು ವಾಕ್ಯ ಆಗುವಷ್ಟರಲ್ಲಿ ಅದು ಆಸ್ಪತ್ರೆಯ ವರದಿಯ ಹಾಗೆ ಕಾಣತೊಡಗಿತು. ಹರಿದುಹಾಕಿದೆ.

ಫೋನಿನಲ್ಲಿ ಹೇಳಬಹುದಿತ್ತಲ್ಲ ಅನ್ನುತ್ತೀಯ. ಹೇಗೋ ಹೇಳಲಿ? ನಿನ್ನ ಕರೆ ಬಂದ ಕೂಡಲೇ ಅಮ್ಮ ಸ್ಪೀಕರ್ ಹಾಕಿ, ಫೋನನ್ನು ಮಗು ಮಲಗಿಸಿದ ಹಾಗೆ ಮೇಜಿನ ನಡುವೆ ಮಲಗಿಸಿ, ನನ್ನ ಮುಖವನ್ನೇ ನೋಡುತ್ತಾ ಕೂರುತ್ತಾಳೆ. ಹಡಗಿನ ಇಮೇಲೋ, ನೀವೆಲ್ಲ ಒಬ್ಬರ ಹೆಗಲ ಮೇಲೊಬ್ಬರು ಬಗ್ಗಿ ಓದುವಂಥದ್ದು. ಮುಂದಿನ ಬಂದರಿನ ಏಜೆಂಟರ ಕಚೇರಿಗೆ ಕಾಗದ ಹಾಕಿದರೆ ಕೈಗೆ ಸಿಗುತ್ತದೆಂದು ನೀನೇ ಒಮ್ಮೆ ಹೇಳಿದ್ದೆ, ಅದನ್ನು ನಂಬಿದ್ದೇನೆ. ನೀನು ಏಪ್ರಿಲ್ ಕೊನೆಗೆ ಮನೆ ಮೆಟ್ಟಿಲು ಹತ್ತುವ ಮೊದಲು ಒಂದು ವಿಷಯ ನಿನಗೆ ಗೊತ್ತಾಗಬೇಕು. ಅದನ್ನು ಹೇಗೆ ಹೇಳುವುದೆಂದು ತಿಳಿಯದೆ ಬೇರೆಯದೆಲ್ಲ ಬರೆಯುತ್ತಿದ್ದೇನೆ ಅನ್ನುವುದೂ ನನಗೆ ಗೊತ್ತಿದೆ. ಸ್ವಲ್ಪ ತಾಳು.

ನೀನು ನವೆಂಬರಿನಲ್ಲಿ ಹೊರಟ ಮೇಲೆ ನನಗೆ ಬೆನ್ನು ನೋವು ಬಂದದ್ದು ನಿನಗೆ ಗೊತ್ತು. ಸ್ನಾಯು ಹಿಡಿದುಕೊಂಡಿದೆ ಕಣೋ ಅಂದಿದ್ದೆ. ಆಗ ನಾನೂ ಹಾಗೆಂದೇ ನಂಬಿದ್ದೆ, ಅಥವಾ ನಂಬಬೇಕೆಂದಿದ್ದೆ, ಈಗ ಎರಡರ ನಡುವೆ ಗೆರೆ ಎಳೆಯಲು ಆಗುತ್ತಿಲ್ಲ. ಬೀದಿ ತಿರುವಿನ ಡಾಕ್ಟರು ಸ್ಟೆತಾಸ್ಕೋಪು ಕೂಡ ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನ ಊರುಗೋಲುಗಳ ಕಡೆ ನೋಡಿ, "ನಿಮ್ಮ ಕೇಸಲ್ಲಿ ಇವೆಲ್ಲ ಇದ್ದದ್ದೇ ಅಲ್ವಾ ಮೇಡಂ" ಅಂದರು. ನನಗೆ ಹಲ್ಲು ನೋವು ಬಂದರೂ ಅದು ನನ್ನ ಕೇಸಿಗೇ ಸೇರುತ್ತದೆ. ನೆನಪಿದೆಯಾ, ಆ ಮಕ್ಕಳ ಆಸ್ಪತ್ರೆಯ ಗೋಡೆಯ ತುಂಬ ಮೊಲಗಳಿದ್ದವು, ಒಂದು ಮೊಲಕ್ಕೆ ನೀನು ಪೆನ್ನಿನಿಂದ ಮೀಸೆ ಬರೆದು ನರ್ಸಿನ ಕೈಲಿ ಕಿವಿ ಹಿಂಡಿಸಿಕೊಂಡಿದ್ದೆ? ನನಗೆ ಹದಿನೆಂಟಾದಾಗ ಅವರು ಕೈಕುಲುಕಿ ಕಳಿಸಿಕೊಟ್ಟರು. ದೊಡ್ಡವರ ಆಸ್ಪತ್ರೆಗೆ ಹೋದರೆ, ಸೆರೆಬ್ರಲ್ ಪಾಲ್ಸಿ ಮಕ್ಕಳ ವಿಭಾಗದ್ದು ಅಂದರು. ನಾನು ದೊಡ್ಡವಳಾದೆ, ನನ್ನ ಕಾಯಿಲೆ ಮಾತ್ರ ಅಲ್ಲೇ ಮೊಲಗಳ ಜೊತೆ ಉಳಿದುಕೊಂಡಿತೇನೋ ಎಂಬಂತೆ. ಅಂದಿನಿಂದ ಯಾರೂ ನನ್ನನ್ನು ಪೂರ್ತಿಯಾಗಿ ನೋಡಿಲ್ಲ. ನಾನೂ ತೋರಿಸಲು ಹೋಗಲಿಲ್ಲ ಅನ್ನು.

ಇಷ್ಟು ಬರೆದು ಎದ್ದು, ಕಿಟಕಿಯವರೆಗೆ ಹೋಗಿ ಬಂದೆ. ಹೆಚ್ಚು ಹೊತ್ತು ಕೂರಬಾರದೆಂದು ಹೇಳಿದ್ದಾರೆ. ಹಾಗೆ ಹೇಳಿರದಿದ್ದರೂ ಈಚೆಗೆ ಕೂತಲ್ಲಿ ಕೂರಲು ಆಗುತ್ತಿಲ್ಲ. ಎದುರು ಬೀದಿಯಲ್ಲಿ ಬಣ್ಣದ ಅಂಗಡಿಯವನು ಶಟರ್ ಎತ್ತುತ್ತಿದ್ದ, ಅಮ್ಮ ಇನ್ನೂ ಕಾಣಲಿಲ್ಲ.

ಕೊನೆಗೆ ಡಿಸೆಂಬರಿನಲ್ಲಿ ನಾನೇ ಹಟ ಹಿಡಿದು ಮೂಳೆ ಡಾಕ್ಟರ ಹತ್ತಿರ ಹೋದೆ. ನನಗಿಂತ ಚಿಕ್ಕವಳು, ಮಾತು ಕಡಿಮೆ, ಮುಖ ನೋಡಿ ಮಾತಾಡುತ್ತಾಳೆ. ಮೊದಲು ಎಕ್ಸ್‌ರೇ, ಆಮೇಲೆ ಮೂಳೆಯ ಸ್ಕ್ಯಾನ್. ಆ ಸ್ಕ್ಯಾನ್ ಕೋಣೆಯ ಮುಂದಿನ ಕಾರಿಡಾರು ನನಗೆ ಹಳೆಯ ಪರಿಚಯ. ಹೋದ ವರ್ಷ ನಿನ್ನ ಒತ್ತಾಯಕ್ಕೆ ಅಮ್ಮನ ಮೂಳೆ ಪರೀಕ್ಷೆ ಮಾಡಿಸಿದಾಗ ಫೈಲು ಹಿಡಿದು ಅಲ್ಲೇ ಕೂತಿದ್ದೆ. ಎದುರಿಗೆ ಒಂದು ಪೋಸ್ಟರ್ ಇತ್ತು, ಯಾರು ಯಾರು ಮೂಳೆ ಪರೀಕ್ಷಿಸಿಕೊಳ್ಳಬೇಕು ಅಂತ. ವಯಸ್ಸಾದವರು, ತೀರಾ ತೆಳ್ಳಗಿರುವವರು, ಹೆಚ್ಚು ನಡೆದಾಡದವರು, ಫಿಟ್ಸಿಗೆ ವರ್ಷಗಟ್ಟಲೆ ಮಾತ್ರೆ ನುಂಗಿದವರು, ಬಿಸಿಲಿಗೆ ಹೋಗದವರು. ಮೊದಲನೆಯದೊಂದು ಬಿಟ್ಟರೆ ಮಿಕ್ಕದ್ದೆಲ್ಲ ನಾನೇ! ಆದರೆ ಆ ದಿನ ನಾನು ಮಾಡಿದ್ದೇನು ಗೊತ್ತಾ? ಪೋಸ್ಟರಿನಲ್ಲಿದ್ದ ಅಸ್ಥಿಪಂಜರ ಒಂದು ಕಡೆ ವಾಲಿದೆ, ಇದನ್ನು ಬರೆದವನಿಗೆ ಸ್ಕೇಲ್ ಹಿಡಿಯಲು ಬರುವುದಿಲ್ಲ ಅಂದುಕೊಳ್ಳುತ್ತಾ ಕೂತಿದ್ದೆ. ಅಮ್ಮ ಹೊರಗೆ ಬಂದು, "ನನ್ನ ಮೂಳೆ ಇನ್ನೂ ಗಟ್ಟಿಯಿದೆಯಂತೆ" ಎಂದು ಬೀಗಿದಳು, ನಾವಿಬ್ಬರೂ ಐಸ್‌ಕ್ರೀಂ ತಿಂದು ಮನೆಗೆ ಬಂದೆವು. ಮನೆಯಲ್ಲಿ ಬುದ್ಧಿವಂತರೆನಿಸಿಕೊಂಡ ಮೂವರಿಗೂ ಪರೀಕ್ಷೆ ಆಗಬೇಕಾದ ಇನ್ನೊಬ್ಬಳ ಮೂಳೆ ಆ ಕಾರಿಡಾರಿನಲ್ಲೇ ಕೂತಿದೆ ಅನ್ನುವುದು ಹೊಳೆಯಲಿಲ್ಲ.

ಸ್ಕ್ಯಾನ್ ಅನ್ನುವುದು ಸುಮ್ಮನೆ ಮಲಗುವ ಕೆಲಸ, ಎಲ್ಲರಿಗೂ. ನನಗೆ ಅದೇ ಕಷ್ಟ. ಎಡ ಸೊಂಟದಲ್ಲಿ ಚಿಕ್ಕಂದಿನ ಆಪರೇಷನ್ನಿನ ಲೋಹದ ಪಟ್ಟಿ ಇದೆಯಲ್ಲ, ಆ ಕಡೆಯ ಲೆಕ್ಕ ಸಿಗುವುದಿಲ್ಲವಂತೆ. ಬಲಗಾಲನ್ನು ನೇರ ಮಾಡಿ ಪಾದ ಒಳಗೆ ತಿರುಗಿಸಿ ಅಂದರೆ ಅದು ಯಾವತ್ತು ನನ್ನ ಮಾತು ಕೇಳಿದೆ? ಯಂತ್ರ ನಡೆಸುವ ಹೆಂಗಸು ಒಳ್ಳೆಯವಳು, "ಈಗ ಯಂತ್ರದ ಮೇಲಿನ ಕೈ ಸರಿಯತ್ತೆ, ಸದ್ದು ಬರತ್ತೆ, ಹೆದರ್ಬೇಡಿ" ಅಂದಳು. ಹೆದರಬೇಡಿ ಅಂದರೆ ಸಾಕು, ನನ್ನ ಕಾಲು ಹೆದರುತ್ತದೆ. ಸದ್ದು ಬರುವ ಮೊದಲೇ ಅದು ಹಾರಿ ಮಂಚ ಒದೆಯಿತು. ಅವಳು ಬೆಚ್ಚಿದಳು, ಅವಳು ಬೆಚ್ಚಿದ್ದಕ್ಕೆ ಇನ್ನೊಂದು ಕಾಲು ಹಾರಿತು. ಕೊನೆಗೆ ನಾನೇ, ಏನೂ ಹೇಳಬೇಡಿ, ನಿಮ್ಮ ಮನೆ ಸುದ್ದಿ ಏನಾದರೂ ಹೇಳುತ್ತಿರಿ ಅಂದೆ. ಅವಳ ಅತ್ತೆ ಫ್ರಿಜ್ಜಿನೊಳಗೆ ಚಪ್ಪಲಿ ಇಟ್ಟ ಕಥೆ ಮುಗಿಯುವಷ್ಟರಲ್ಲಿ ಬೆನ್ನು, ಸೊಂಟದ ಬದಲಿಗೆ ಮುಂಗೈ, ಎರಡೂ ಸ್ಕ್ಯಾನ್ ಆಗಿದ್ದವು.

ಫಲಿತಾಂಶ ಇದು. ನನ್ನ ಮೂಳೆಗಳು ತುಂಬ ತೆಳುವಾಗಿವೆ. ಬೆನ್ನಿನ ಸಾಲಿನಲ್ಲಿ, ಸೊಂಟದಿಂದ ಸ್ವಲ್ಪ ಮೇಲೆ, ಒಂದು ಮೂಳೆ ಕುಸಿದಿತ್ತು. ಈಗ ಕೂಡಿಕೊಂಡಿದೆ, ನೋವು ಬಹಳ ಕಡಿಮೆಯಾಗಿದೆ, ಓದುತ್ತಾ ಓದುತ್ತಾ ಎದ್ದು ನಿಲ್ಲಬೇಡ. ಡಾಕ್ಟರು ಪರದೆಯ ಮೇಲೆ ತೋರಿಸುತ್ತಾ, "ವಯಸ್ಸು ನಿಮ್ಮದು, ಮೂಳೆ ಮಾತ್ರ ನಿಮ್ಮ ತಾಯಿಯವರದ್ದಕ್ಕಿಂತ ಹಳೇದು" ಅಂದರು. ಪಕ್ಕದಲ್ಲಿದ್ದ ಅಮ್ಮನಿಗೆ ಅದು ತನಗೆ ಬೈದ ಹಾಗೆ ಕೇಳಿಸಿ, "ನನ್ನ ಮೂಳೆಗೇನಾಗಿದೆ ಡಾಕ್ಟ್ರೇ?" ಎಂದು ಜಗಳಕ್ಕೇ ಹೋದಳು. ಆಮೇಲೆ ಅರ್ಥವಾಯಿತು. ಆಟೋದಲ್ಲಿ ಬರುವಾಗ ನನ್ನ ಮುಂಗೈ ಹಿಡಿದುಕೊಂಡು, "ನನಗಿಂತ ಮುಂಚೆ ಮುದುಕಿಯಾಗೋ ಅವಸರ ಏನಿತ್ತೇ ನಿನಗೆ?" ಅಂದಳು. ಮನೆ ಬರುವವರೆಗೂ ಕೈ ಬಿಡಲಿಲ್ಲ.

ಡಾಕ್ಟರು ಕಾರಣ ಹೇಳಿದರು. ಮೂಳೆ ಬೆಳೆಯುವುದು ಭಾರ ಬಿದ್ದಾಗಲಂತೆ. ಮಕ್ಕಳು ಓಡಿ ಕುಣಿದು ಬಿದ್ದು ಎದ್ದು ಮೂಳೆ ಕೂಡಿಡುವ ವಯಸ್ಸಿನಲ್ಲಿ ನಾನು ಕುರ್ಚಿಯಲ್ಲಿದ್ದೆ, ಪ್ಲಾಸ್ಟರಿನಲ್ಲಿದ್ದೆ, ಇಲ್ಲವೇ ಯಾರದಾದರೂ ಸೊಂಟದ ಮೇಲಿದ್ದೆ. ಅದರ ಮೇಲೆ ಫಿಟ್ಸಿನ ಮಾತ್ರೆ. ಈಗ ಮುಟ್ಟು ನಿಲ್ಲುವ ವಯಸ್ಸೂ ಹತ್ತಿರ ಬಂತು. ಮದುವೆಮನೆಗಳಲ್ಲಿ ಅಪ್ಪ ಎಲ್ಲರಿಗೂ ಹೇಳುತ್ತಿದ್ದ ಮಾತು ನೆನಪಾಯಿತು, "ನನ್ನ ಮಗಳ ಕಾಲು ನೆಲಕ್ಕೆ ಸೋಕದ ಹಾಗೆ ಸಾಕಿದ್ದೀನಿ." ಎಷ್ಟು ಹೆಮ್ಮೆಯಿಂದ ಹೇಳುತ್ತಿದ್ದ! ಅಪ್ಪ ಈಗಿಲ್ಲದ್ದು ಒಳ್ಳೆಯದಾಯಿತೆಂದು ಮೊದಲ ಬಾರಿಗೆ ಅನಿಸಿತು. ಅನಿಸಿದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು. ಎತ್ತಿಕೊಂಡವರದ್ದೆಲ್ಲ ತಪ್ಪು ಅನ್ನುವುದಾದರೆ ನನ್ನ ಬಾಲ್ಯದಲ್ಲಿ ಉಳಿಯುವುದಾದರೂ ಏನು?

ಈಗ ಮನೆಯ ಸ್ಥಿತಿ ಕೇಳು. ಅಮ್ಮ ಕಾಲೊರಸು, ಚಾಪೆ, ಕಂಬಳಿ ಎಲ್ಲ ಮಡಿಸಿ ಅಟ್ಟಕ್ಕೆ ಹಾಕಿದ್ದಾಳೆ. ನಾನು ಎದ್ದರೆ ಸಾಕು, ಪ್ಲಾಸ್ಟಿಕ್ ಕುರ್ಚಿ ಹಿಡಿದು ಹಿಂದೆ ಹಿಂದೆಯೇ ಬರುತ್ತಾಳೆ, ಎಲ್ಲಿ ಬಿದ್ದರೂ ಅದರೊಳಗೇ ಬೀಳಲಿ ಅಂತ. ಚಿಕ್ಕಪ್ಪ ಒಂದು ಗಾಲಿಕುರ್ಚಿ ತಂದುಕೊಟ್ಟು, ಬಾಗಿಲಲ್ಲೇ ನಿಂತು, "ಹುಷಾರಮ್ಮ" ಎಂದು ದೂರದಿಂದ ಕೈ ಆಡಿಸಿ ಹೋದರು. ಹಿಂದೊಮ್ಮೆ ಅವರ ಕೈಯಿಂದ ನಾನು ಜಾರಿದೆನಲ್ಲ, ಅಂದಿನಿಂದ ಅವರು ನನಗೆ ಕೈಯಾಡಿಸುವ ಸಂಬಂಧಿ. ದೂರದ ಪ್ರಯಾಣಕ್ಕೆ ಆ ಗಾಲಿಕುರ್ಚಿ ಬೇಕೇ ಬೇಕು, ನನಗೇನೂ ಬಿಗುಮಾನವಿಲ್ಲ. ಆದರೆ ಅಮ್ಮನಿಗೆ ನಾನು ಬೆಳಿಗ್ಗೆ ಅದರಲ್ಲಿ ಕೂತರೆ ರಾತ್ರಿಯೇ ಇಳಿಯಬೇಕು. ವ್ಯಾಯಾಮ ಹೇಳಿಕೊಡುವ ಡ್ರಿಲ್ ಮೇಡಂ ಬಂದು ಇದಕ್ಕೆ ಸರಿಯಾಗಿ ತಿರುಗೇಟು ಕೊಟ್ಟರು. "ಇಂಜೆಕ್ಷನ್ನು, ಮಾತ್ರೆ, ಬಿಸಿಲು ಎಲ್ಲ ಬೇಕು. ಆದ್ರೆ ಕೂತೇ ಇದ್ರೆ ಮೂಳೆ ಇನ್ನೂ ಕರಗತ್ತೆ. ಬಗ್ಗಬೇಡಿ, ತಿರುಚಬೇಡಿ, ಬೀಳಬೇಡಿ. ನಿಲ್ಲಿ!" ಈಗ ದಿನಾ ಅಡುಗೆಮನೆಯ ಕಟ್ಟೆಗೆ ಎರಡೂ ಕೈ ಊರಿ, ಊರುಗೋಲು ಪಕ್ಕಕ್ಕಿಟ್ಟು, ಹಿಮ್ಮಡಿ ನೆಲಕ್ಕೆ ಒತ್ತಿ, ಅಮ್ಮ ಒಲೆಯ ಮೇಲಿಟ್ಟ ಹಾಲು ಕಾಯುವವರೆಗೆ ನಿಲ್ಲುತ್ತೇನೆ. ಅಮ್ಮ ಒಂದು ಕಣ್ಣು ಹಾಲಿನ ಮೇಲೆ, ಒಂದು ಕಣ್ಣು ನನ್ನ ಮೇಲೆ ಇಟ್ಟಿರುತ್ತಾಳೆ. ಇಲ್ಲಿಯವರೆಗೆ ನಾನು ಒಂದು ಸಲವೂ ಬಿದ್ದಿಲ್ಲ, ಹಾಲು ಮಾತ್ರ ವಾರಕ್ಕೆರಡು ಸಲ ಉಕ್ಕುತ್ತದೆ. ನಿಲ್ಲುವಾಗ ಹೆದರಿಕೆಯಾಗುತ್ತದೆ ಕಣೋ. ಮೊದಲು ನಾನು ಬಿದ್ದರೆ ಏಳುವುದು ಹೇಗೆ ಎಂದಷ್ಟೇ ಯೋಚಿಸುತ್ತಿದ್ದೆ. ಈಗ ಕೆಮ್ಮು ಬಂದರೂ ಮೂಳೆಗೇನಾಯಿತೋ ಎಂದು ಒಳಗೆ ಕಿವಿಗೊಡುತ್ತೇನೆ. ಆದರೂ ಹಿಮ್ಮಡಿಯ ಮೂಲಕ ನನ್ನ ಭಾರ ನೆಲಕ್ಕೆ ಇಳಿಯುವುದು ಗೊತ್ತಾಗುವ ಒಂದು ಗಳಿಗೆ ಇದೆಯಲ್ಲ, ಅದಕ್ಕಾಗಿ ದಿನವೆಲ್ಲ ಕಾಯುತ್ತೇನೆ.

ಆಫೀಸಿಗೂ ಹೋಗುತ್ತಿದ್ದೇನೆ. ನೀರು ಸರಬರಾಜಿನ ನಕಾಶೆ ವಿಭಾಗದಲ್ಲಿ ನನ್ನ ಮೇಜು ಈಗ ಲಿಫ್ಟಿನ ಹತ್ತಿರ ಬಂದಿದೆ. ವಾಲ್ವ್ ಸಾಹೇಬರು, ಅದೇ ನಮ್ಮ ವಿಭಾಗದ ಮುಖ್ಯಸ್ಥರು, ಟಾಯ್ಲೆಟ್ಟಿನಲ್ಲಿ ಗಟ್ಟಿಮುಟ್ಟಾದ ಹಿಡಿಕೆ ಹಾಕಿಸಿದ್ದಾರೆ. ಅದಕ್ಕೆ ಕಾರಣ ಅಮ್ಮ. ಮೂಳೆ ಕುಸಿದಿದೆ ಅಂದಾಗ ಅವಳು, "ಎಲ್ಲಿ ಬಿದ್ದೆ ಹೇಳೇ?" ಅಂದಳು. ನಾನು ಬಾಯಿ ತೆರೆಯುವುದರೊಳಗೆ ಉತ್ತರವನ್ನೂ ಅವಳೇ ಕೊಟ್ಟುಕೊಂಡಳು, "ಆ ಹಾಳು ಆಫೀಸಿನ ಟಾಯ್ಲೆಟ್ಟಲ್ಲೇ, ನಂಗೊತ್ತು." ಆಮೇಲೆ ಸಾಹೇಬರಿಗೆ ಫೋನ್ ಮಾಡಿ, ಊರಿಗೆಲ್ಲ ನೀರು ಕೊಡುವವರಿಗೆ ತಮ್ಮ ನೆಲ ಒರೆಸಲು ಬರುವುದಿಲ್ಲವೇ ಎಂದು ತರಾಟೆಗೆ ತೆಗೆದುಕೊಂಡಳು. ಪಾಪ, ಅವರು ಎದುರಾಡಲಿಲ್ಲ, ಹಿಡಿಕೆ ಹಾಕಿಸಿದರು. ನಾನು ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಆ ಹಿಡಿಕೆ ಹಿಡಿದಾಗಲೆಲ್ಲ ಅಂಗೈ ಚುರುಗುಟ್ಟುತ್ತದೆ. ನಾನು ಆಫೀಸಿನಲ್ಲಿ ಬಿದ್ದಿಲ್ಲ. ನಾನು ಎಲ್ಲಿಯೂ ಬಿದ್ದಿಲ್ಲ.

ಸಾಹೇಬರ ಒಂದು ವಿಷಯ ಹೇಳಬೇಕು. ಎಲ್ಲಾದರೂ ಪೈಪು ಒಡೆದರೆ ಬೀದಿಯವರೆಲ್ಲ ಮೊದಲು ಕೇಳುವುದು, ಇವತ್ತು ವಾಲ್ವ್ ತಿರುಗಿಸಿದವನು ಯಾರು ಅಂತ. ಯಾರೋ ಒಬ್ಬ ಕೆಲಸಗಾರ ತಲೆ ತಗ್ಗಿಸಿ ನಿಂತಿರುತ್ತಾನೆ. ಸಾಹೇಬರು ಒಡೆದ ತುಂಡನ್ನು ತರಿಸಿ, ಅಡ್ಡ ಕೊಯ್ಸಿ, ನಮ್ಮೆಲ್ಲರ ಮುಂದೆ ಮೇಜಿನ ಮೇಲಿಡುತ್ತಾರೆ. ಹೊರಗಿನಿಂದ ನೋಡಿದರೆ ಹೊಸ ಪೈಪಿನ ಹಾಗೇ ಇರುತ್ತದೆ, ಒಳಗೆ ಗೋಡೆ ಹಪ್ಪಳದಷ್ಟು. "ಇದು ಇವತ್ತು ಒಡೆದಿದ್ದಲ್ಲ. ಇವತ್ತು ಗೊತ್ತಾಗಿದ್ದು" ಅನ್ನುತ್ತಾರೆ. ವರದಿಯಲ್ಲಿ ಕೆಲಸಗಾರನ ಹೆಸರು ಇರುವುದಿಲ್ಲ. ಎಷ್ಟೋ ವರ್ಷಗಳಿಂದ ಈ ಮಾತು ಕೇಳಿದ್ದೇನೆ, ಮೊನ್ನೆ ಮತ್ತೆ ಕೇಳಿದಾಗ ಎದ್ದು ಹೊರಗೆ ಹೋಗಬೇಕಾಯಿತು.

ಯಾಕೆಂದರೆ ಡಾಕ್ಟರೂ ಕೇಳಿದ್ದರು, ಅಮ್ಮ ಔಷಧಿ ತರಲು ಹೋಗಿದ್ದಾಗ. ಬಿದ್ದಿದ್ದಿರಾ? ಇಲ್ಲ. ಭಾರದ್ದೇನಾದರೂ ಎತ್ತಿದ್ದಿರಾ? ಇಲ್ಲ. "ನಿಮ್ಮನ್ನ ಯಾರಾದ್ರೂ ಎತ್ತಿದ್ರಾ?" ನಾನು ಗೋಡೆಯ ಕಡೆ ನೋಡಿದೆ. ಅವರು, "ಎತ್ತಿದವರ ತಪ್ಪು ಅಂದ್ಕೋಬೇಡಿ. ಅವತ್ತಲ್ಲದಿದ್ರೆ ಇನ್ನೊಂದು ದಿನ ಸೀನಿದ್ರೂ ಆಗ್ತಿತ್ತು. ಆದ್ರೆ ಅವರಿಗೆ ಹೇಳಿ, ಇನ್ನೊಂದ್ಸಲ ಎತ್ತೋದು ಬೇಡ" ಅಂದರು. ಮೂರು ತಿಂಗಳಿಂದ ಆ "ಅವರಿಗೆ ಹೇಳಿ" ಅನ್ನುವುದನ್ನು ಹೊತ್ತುಕೊಂಡು ಈ ಕೋಣೆಯಿಂದ ಆ ಕೋಣೆಗೆ ಓಡಾಡುತ್ತಿದ್ದೇನೆ.

ಅಮ್ಮನಿಗೆ ಬೇರೆಯೇ ಯೋಚನೆ. ನಮ್ಮ ಮನೆಗೆ ಎರಡು ಮಹಡಿ ಹತ್ತಬೇಕು, ಲಿಫ್ಟಿಲ್ಲ. ನಾನು ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುವುದನ್ನು ನೋಡಲಾರದೆ ಅವಳು ದಿನ ಎಣಿಸುತ್ತಿದ್ದಾಳೆ. "ಅವನೊಬ್ಬ ಬರ್ಲಿ, ರಜಾ ಮುಗಿಯೋವರೆಗೂ ನಿನ್ನ ಎತ್ಕೊಂಡೇ ಇಳಿಸ್ತಾನೆ, ಎತ್ಕೊಂಡೇ ಹತ್ತಿಸ್ತಾನೆ. ನಮ್ಮ ಕ್ರೇನು ಇರೋವಾಗ ಇನ್ನೇನು?" ದಿನಕ್ಕೊಮ್ಮೆಯಾದರೂ ಇದನ್ನು ಹೇಳುತ್ತಾಳೆ. ನಾನು ಹಾಲು ಉಕ್ಕಿತು ಎಂದು ಕೂಗಿ ಮಾತು ತಪ್ಪಿಸುತ್ತೇನೆ, ಉಕ್ಕಿರದಿದ್ದರೂ.

ಎಲ್ಲರೂ ನನ್ನನ್ನು ಮುಟ್ಟುವ ಮೊದಲು ಒಂದು ಕ್ಷಣ ತಡೆಯುತ್ತಾರೆ. ನೀನು ಎಂದೂ ತಡೆಯಲಿಲ್ಲ. ಈ ಮನೆಯಲ್ಲಿ ನನಗೆ ಹೊಡೆದವನು ನೀನೊಬ್ಬನೇ, ಜಡೆ ಎಳೆದವನು ನೀನೊಬ್ಬನೇ, ನನ್ನ ಪಾಲಿನ ಬಿಸ್ಕತ್ತನ್ನು ನನ್ನ ಎದುರೇ ತಿಂದವನು ನೀನೊಬ್ಬನೇ. ನೀನು ಏಳನೇ ಕ್ಲಾಸಿನಲ್ಲಿ ಮೊದಲ ಸಲ ನನ್ನನ್ನು ಎತ್ತಲು ಹೋಗಿ ಇಬ್ಬರೂ ಸೋಫಾದ ಹಿಂದೆ ಬಿದ್ದೆವು, ನಗು ತಡೆಯಲಾರದೆ ಅಲ್ಲೇ ಬಿದ್ದಿದ್ದೆವು. ಹಡಗು ಸೇರಿದಾಗಿನಿಂದ ನೀನು ಬಂದಾಗ ಒಮ್ಮೆ, ಹೊರಡುವಾಗ ಒಮ್ಮೆ, ಬಾಗಿಲ ಬಳಿ ನನ್ನ ತೂಕ ನೋಡುವುದು. "ಅಮ್ಮಾ, ಅಕ್ಕ ಸರಿಯಾಗಿ ಒಂದೂವರೆ ಗ್ಯಾಸ್ ಸಿಲಿಂಡರು. ಹೋದ ಸಲಕ್ಕಿಂತ ಒಂದು ಚೊಂಬು ನೀರು ಕಡಿಮೆ. ಏನು, ಊಟ ಹಾಕ್ತಿಲ್ವಾ ಇವಳಿಗೆ?" ನಲವತ್ತು ದಾಟಿದ ಹೆಂಗಸಿಗೆ ಇದು ತರವೇ ಎಂದು ಮೇಲೆ ಮೇಲೆ ಗೊಣಗುತ್ತಿದ್ದೆ. ನೀನು ಮರೆತು ಹೊರಟುಬಿಟ್ಟೀಯೋ ಎಂದು ಬೇಕೆಂದೇ ಬಾಗಿಲ ಬಳಿ ಹೋಗಿ ನಿಲ್ಲುತ್ತಿದ್ದೆ.

ಟೈಲರಮ್ಮ ಬೆಲ್ ಒತ್ತಿದಳು. ಐದು ನಿಮಿಷ ಅಂದಿದ್ದೇನೆ. ಅಮ್ಮನ ಕೊಡೆ ಬೀದಿ ತಿರುವಿನಲ್ಲಿ ಕಾಣುತ್ತಿದೆ.

ನಿನ್ನ ಕೈಕಾಲು, ಕಿವಿ, ಕಣ್ಣು ಎಲ್ಲ ಆ ಯಂತ್ರಗಳ ನಡುವೆ ಕ್ಷೇಮವಾಗಿರಲಿ. ಮುಲಾಮು ಹಚ್ಚು. ಉಪ್ಪಿನವನಿಗೆ ನನ್ನ ಪರವಾಗಿಯೂ ಎರಡು ಮಾತು ಹೇಳು. ನೂರು ವರ್ಷ ಗಟ್ಟಿಯಾಗಿ ಬಾಳು, ಮೂಳೆ ಸಮೇತ.

ನಿನ್ನ
ಅಕ್ಕ
(ಒಂದೂವರೆ ಸಿಲಿಂಡರು)

ತಾ.ಕ.: ಹೇಳಲು ಮರೆತೆ ಎಂದು ಶುರುಮಾಡೋಣವೆಂದಿದ್ದೆ. ಮರೆತಿಲ್ಲ. ನವೆಂಬರಿನಲ್ಲಿ ನೀನು ಹೊರಡುವಾಗ ಬಾಗಿಲ ಬಳಿ ಎತ್ತಿದೆಯಲ್ಲ, ಆಗ ಬೆನ್ನಿನಲ್ಲಿ ಪೆನ್ನಿನ ಗುಂಡಿ ಒತ್ತಿದಷ್ಟು ಸಣ್ಣ ಸದ್ದಾಯಿತು. ನಿನ್ನ ಬ್ಯಾಗಿನ ಕೊಂಡಿ ಅಂದುಕೊಂಡೆ. ಅದು ನಾನು. ಅಲ್ಲಿಯೇ ಓದುವುದನ್ನು ನಿಲ್ಲಿಸಬೇಡ. ವಾಲ್ವ್ ತಿರುಗಿಸಿದವನ ಹೆಸರು ನಮ್ಮ ಸಾಹೇಬರು ಯಾಕೆ ಬರೆಯುವುದಿಲ್ಲ ಎಂದು ಮೇಲೆ ಹೇಳಿದ್ದೇನೆ, ಅದನ್ನು ಇನ್ನೊಮ್ಮೆ ಓದು. ಅಮ್ಮನಿಗೆ ನಾನೇ ಹೇಳುತ್ತೇನೆ, ಇವತ್ತು, ಹಾಲು ಇಳಿಸಿದ ಮೇಲೆ. ಈ ಸಲ ನನ್ನನ್ನು ಎತ್ತಬೇಡ, ಮೆಟ್ಟಿಲ ಮೇಲೂ ಬೇಡ, ಅಮ್ಮ ಎಷ್ಟೇ ಗೋಗರೆದರೂ. ಆದರೆ ಚಿಕ್ಕಪ್ಪನ ಹಾಗೆ ಬಾಗಿಲಲ್ಲಿ ನಿಂತು ಕೈ ಆಡಿಸಿದೆಯೋ, ನಿನ್ನ ಜೊತೆ ಮಾತು ಬಿಡುತ್ತೇನೆ. ನೀನು ಬರುವ ದಿನ ನಾನು ಬಾಗಿಲ ಬಳಿಯೇ ನಿಂತಿರುತ್ತೇನೆ. ಬ್ಯಾಗು ಕೆಳಗಿಟ್ಟು ನನ್ನ ಎದುರು ಬಂದು ಗಟ್ಟಿಯಾಗಿ ನಿಲ್ಲು. ನಾನು ಊರುಗೋಲು ಗೋಡೆಗೆ ಒರಗಿಸಿ, ಎರಡೂ ಕೈ ನಿನ್ನ ಹೆಗಲ ಮೇಲೆ ಹಾಕಿ, ಹಿಮ್ಮಡಿ ನೆಲಕ್ಕೊತ್ತಿ, ಭಾರ ಬಿಡುತ್ತೇನೆ. ಅರ್ಧ ನನ್ನ ಕಾಲಿಗೆ, ಅರ್ಧ ನಿನಗೆ. ಆಮೇಲೆ ಅಮ್ಮನಿಗೆ ಕೇಳಿಸುವ ಹಾಗೆ ಕೂಗಿ ಹೇಳು, ಎಷ್ಟು ಸಿಲಿಂಡರು ಅಂತ.